ಸಾಯಬೇಡನ ಸಾಲ: ಹಳೇ ಚೀನಾದ ತಾಲ್ಲೂಕು ಕಚೇರಿಯ ಕತೆ

ಆತನ ಹೆಸರು ವೂಸಿ. ಆ ಎರಡು ಚೀನೀ ಅಕ್ಷರಗಳನ್ನು ಕನ್ನಡಕ್ಕೆ ತಂದರೆ 'ಸಾಯಬೇಡ' ಎಂದಾಗುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪ ಅಂತಲೋ ಕಲ್ಲ ಅಂತಲೋ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುವುದು ನಮ್ಮ ಕೇರಿಗಳಿಗೂ ಗೊತ್ತಿರುವುದೇ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ತಾಯಿಯೂ ಹಾಗೇ ಅಂಜಿಕೊಂಡು ಹೆಸರಿಟ್ಟಿರಬೇಕು.

ಈ ಸಾಯಬೇಡನ ತಲೆ ಮೇಲೆ 8064 ಕಾಸಿನ ಸಾಲವಿತ್ತು. ಸಾಹುಕಾರನ ಸಾಲವಲ್ಲ, ಸರ್ಕಾರ ಹಾಕಿದ ಜುಲ್ಮಾನೆಯ ಬಾಕಿ. ಆತ ಯಾಂಗ್‌ಲಿಂಗ್ ಎಂಬ ತಾಲ್ಲೂಕಿನವನು. ಬಾಕಿ ತೀರುವ ಮೊದಲೇ ಅವನನ್ನು ಗಡಿ ಕಾವಲಿಗೆಂದು ಡೊಂಗ್‌ಟಿಂಗ್ ಪ್ರಾಂತ್ಯಕ್ಕೆ ಅಟ್ಟಿದ್ದರು. ಕ್ರಿ.ಪೂ. 214ರ ನಾಲ್ಕನೇ ತಿಂಗಳಲ್ಲಿ ಯಾಂಗ್‌ಲಿಂಗಿನ ಟೆಂಗ್ ಎಂಬ ಅಧಿಕಾರಿ ಮರದ ಸೀಳಿನ ಮೇಲೆ ಒಂದು ಓಲೆ ಬರೆದ. ಅದರ ತಾತ್ಪರ್ಯ ಇಷ್ಟು: ವೂಸಿ ನಿಮ್ಮ ಪ್ರಾಂತ್ಯದಲ್ಲಿದ್ದಾನೆ, ಯಾವ ತಾಲ್ಲೂಕಿನಲ್ಲಿ ಅಂತ ನಮಗೆ ಗೊತ್ತಿಲ್ಲ, ಅವನಿರುವ ಕಡೆಯೇ ವಸೂಲಿ ಮಾಡಿಸಿ. ಅವನ ಮನೆಯವರನ್ನು ಕೇಳಿದ್ದಾಯಿತು, ಬಡವರು, ಕಟ್ಟಲಾರರು. ಅದಕ್ಕೇ ಇದನ್ನು ಕಾವಲಿನ ಜಾಗಕ್ಕೆ ಕಳಿಸುತ್ತಿದ್ದೇವೆ.

ವರ್ಷ ಕಳೆಯಿತು. ಉತ್ತರ ಬರಲಿಲ್ಲ. 213ರಲ್ಲಿ ಯಾಂಗ್‌ಲಿಂಗಿನಿಂದ ಮತ್ತೆ ಜ್ಞಾಪನ: ಇನ್ನೂ ತಿಳಿಸಿಲ್ಲ, ಬೆನ್ನು ಹತ್ತಿ. 212ರಲ್ಲಿ ಡೊಂಗ್‌ಟಿಂಗಿನ ಹಂಗಾಮಿ ದಂಡಾಧಿಕಾರಿ ಚಿಯಾನ್‌ಲಿಂಗ್ ತಾಲ್ಲೂಕಿಗೆ ಹುಕುಂ ಕೊಟ್ಟ: ಯಾಂಗ್‌ಲಿಂಗಿನ ಆಳು ನಿಮ್ಮಲ್ಲಿದ್ದಾನೆ, ಕಾನೂನಿನಂತೆ ನಡೆಸಿ, ವರದಿ ಕಳಿಸಿ. ಹೀಗೆ ಹನ್ನೆರಡು ಜನರ ಹೆಸರಿನಲ್ಲಿ ಹನ್ನೆರಡು ಓಲೆಗಳು ಸಿಕ್ಕಿವೆ.

8064 ಕಾಸು ಎಂದರೆ ಎಷ್ಟು? ಆ ಕಾಲದ ಚಿನ್ ರಾಜ್ಯದಲ್ಲಿ ಜುಲ್ಮಾನೆಯನ್ನು ಯುದ್ಧಕವಚದ ಲೆಕ್ಕದಲ್ಲಿ ಹಾಕುತ್ತಿದ್ದರು. ಒಂದು ಕವಚಕ್ಕೆ 1344 ಕಾಸು. ಸಾಯಬೇಡನ ಬಾಕಿ ಸರಿಯಾಗಿ ಆರು ಕವಚ. ಕಟ್ಟಲಾರದವನು ದುಡಿದು ತೀರಿಸಬಹುದು ಅಂತ ಕಾನೂನಿತ್ತು. ದಿನಕ್ಕೆ 8 ಕಾಸು ಜಮಾ. ಸರ್ಕಾರವೇ ಕೂಳು ಹಾಕಿದರೆ 6 ಕಾಸು. ಗುಣಿಸಿ ನೋಡಿ. ತನ್ನ ಬುತ್ತಿ ತಾನೇ ತಂದು ದುಡಿದರೆ 1008 ದಿನ. ಸರ್ಕಾರದ ಗಂಜಿ ಕುಡಿದು ದುಡಿದರೆ 1344 ದಿನ, ಮೂರೂವರೆ ವರ್ಷ ದಾಟುತ್ತದೆ. ಇದು ಜೀತವಲ್ಲದೆ ಇನ್ನೇನು?

ನಾವು ಶಾಲೆಯಲ್ಲಿ ಓದಿದ ಚೀನಾ ಬೇರೆ. ಮಹಾಗೋಡೆ, ರೇಷ್ಮೆ, ಕಾಗದ, ಹ್ಯುಯೆನ್ ತ್ಸಾಂಗ್. ಪರೀಕ್ಷೆಗೆ ಅಷ್ಟು ಸಾಕಿತ್ತು. ನಾವು ಚೀನಾ ನೋಡಿದವರಲ್ಲ, ಆ ಭಾಷೆ ಬಾರದು, ಇಂಗ್ಲಿಷಿಗೆ ಬಂದಷ್ಟನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದವರು. ಆದರೆ ಕಚೇರಿಯಿಂದ ಕಾಗದ ಬಂತು ಅಂದರೆ ಮನೆಮಂದಿಯ ಮುಖ ಹೇಗೆ ಬಾಡುತ್ತದೆ ಅನ್ನುವುದನ್ನು ಹುಟ್ಟಿದಾಗಿನಿಂದ ನೋಡಿದವರು. ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮಕ್ಕಳು. ಹಾಗಾಗಿ ವೂಸಿಯ ಓಲೆ ಓದಿದ ಮೇಲೆ, ಈ ಕಚೇರಿ ಎಂಬುದು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಅಂತ ಹುಡುಕದೆ ಇರಲಾಗಲಿಲ್ಲ.

ಆ ಕಚೇರಿಯ ಚೀನೀ ಹೆಸರು 'ಶಿಯೆನ್'. ಇಂಗ್ಲಿಷಿನವರು ಕೌಂಟಿ ಎನ್ನುತ್ತಾರೆ. ನಮಗೆ ತಿಳಿಯಬೇಕಾದರೆ ತಾಲ್ಲೂಕು ಅಂದುಕೊಳ್ಳಿ. ಶಿಯೆನ್ ಎಂದು ಬರೆಯುವ ಅಕ್ಷರಕ್ಕೆ ಮೊದಲಿದ್ದ ಅರ್ಥ 'ನೇತುಹಾಕು'. ನಡುವೆ ಯಾವ ಪಾಳೇಗಾರನೂ ಇಲ್ಲದೆ ನೇರ ಅರಸನಿಗೇ ತಗಲುಹಾಕಿದ ನೆಲ, ಅದಕ್ಕೇ ಆ ಹೆಸರು ಅಂತ ವಿವರಿಸುವ ಪಂಡಿತರಿದ್ದಾರೆ. ಹುಟ್ಟಿದ್ದಂತೂ ದಂಡಯಾತ್ರೆಯಲ್ಲಿ. ಕ್ರಿ.ಪೂ. 688ರಲ್ಲಿ ಚಿನ್ ದೊರೆ ವೂ ಎಂಬವನು ಪಶ್ಚಿಮದ ರುಂಗ್ ಜನರ ಎರಡು ನಾಡುಗಳನ್ನು ಬಡಿದು ಮೊದಲ ಬಾರಿಗೆ ಅವನ್ನು ಶಿಯೆನ್ ಮಾಡಿದ ಅಂತ ಸಿಮಾ ಚಿಯಾನ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಅದೇ ಹೊತ್ತಿಗೆ ದಕ್ಷಿಣದ ಚೂ ರಾಜ್ಯವೂ ಗೆದ್ದ ನೆಲವನ್ನು ಹೀಗೇ ಮಾಡುತ್ತಿತ್ತು. ಸೋತವರ ಹಟ್ಟಿಗೆ ಗೆದ್ದವರು ಹೊಡೆದ ಗೂಟ ಅದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅದಕ್ಕೂ ಮುಂಚಿನ ಚೀನಾದಲ್ಲಿ ನೆಲ ಹುಟ್ಟಿನಿಂದ ಬರುತ್ತಿತ್ತು. ಅರಸನ ತಮ್ಮ, ತಮ್ಮನ ಮಗ, ಮಗನ ಮಗ ಹೀಗೆ ಊರುಗಳನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಶಿಯೆನ್ ಬಂದಮೇಲೆ ಆಳುವವನು ನೇಮಕವಾದ ನೌಕರನಾದ. ಇವತ್ತು ಇಟ್ಟರು, ನಾಳೆ ತೆಗೆದರು. ಈ ಬದಲಾವಣೆ ಒಂದೇ ದಿನಕ್ಕೆ ಆದದ್ದಲ್ಲ. ಜಿನ್ ರಾಜ್ಯದಲ್ಲಿ 514ರಲ್ಲಿ ಎರಡು ದೊಡ್ಡ ಮನೆತನಗಳನ್ನು ಮುರಿದು ಅವರ ನೆಲವನ್ನು ಹತ್ತು ಶಿಯೆನ್ ಮಾಡಿದರು. ಮುರಿದವರು ಇನ್ನಷ್ಟು ದೊಡ್ಡ ಮನೆತನಗಳವರು!

ಕೆಲಸ ಪೂರ್ತಿ ಮಾಡಿದವನು ಶಾಂಗ್ ಯಾಂಗ್. ಚಿನ್ ರಾಜ್ಯದ ಮಂತ್ರಿ, ಕಲ್ಲೆದೆಯ ಮನುಷ್ಯ. ಕ್ರಿ.ಪೂ. 356ರ ಸುಮಾರಿಗೆ ಅವನ ಮೊದಲ ಕಟ್ಟಳೆ ಬಂತು. ಐದೈದು ಮನೆ, ಹತ್ತತ್ತು ಮನೆ ಸೇರಿಸಿ ಒಂದೊಂದು ಗುಂಪು. ಒಬ್ಬ ತಪ್ಪು ಮಾಡಿದರೆ ಮಿಕ್ಕವರು ಚಾಡಿ ಹೇಳಲೇಬೇಕು. ಹೇಳದಿದ್ದರೆ ನಡು ಕತ್ತರಿಸುವ ಶಿಕ್ಷೆ. ಇನ್ನೊಂದು ಕಡೆ, ಅರಸನ ರಕ್ತಸಂಬಂಧಿಯೇ ಆದರೂ ರಣರಂಗದಲ್ಲಿ ಏನೂ ಮಾಡದವನ ಹೆಸರನ್ನು ಅರಮನೆಯ ವಂಶಪಟ್ಟಿಯಿಂದ ಹೊಡೆದುಹಾಕುವುದು. ಹುಟ್ಟಿಗೆ ಬೆಲೆಯಿಲ್ಲ, ದುಡಿಮೆಗೆ ಮತ್ತು ಕತ್ತಿಗೆ ಬೆಲೆ. 350ರಲ್ಲಿ ಸಣ್ಣಪುಟ್ಟ ಹಳ್ಳಿ, ಹಟ್ಟಿ, ಸಂತೆಮಾಳಗಳನ್ನು ಕೂಡಿಸಿ ಇಡೀ ರಾಜ್ಯವನ್ನು ಶಿಯೆನ್‌ಗಳಾಗಿ ಕೊರೆದ. ಸಿಮಾ ಚಿಯಾನ್‌ನ ಒಂದೇ ಪುಸ್ತಕದಲ್ಲಿ ಒಂದು ಕಡೆ 31 ಅಂತಿದೆ, ಮತ್ತೊಂದು ಕಡೆ 41. ಪ್ರತಿಯೊಂದಕ್ಕೂ ಒಬ್ಬ ಅಧಿಕಾರಿ, ಒಬ್ಬ ಸಹಾಯಕ. ಇಬ್ಬರಿಗೂ ಮೇಲಿಂದ ಸಂಬಳ.

ಹುಟ್ಟಿನ ದೊಡ್ಡಸ್ತಿಕೆಯನ್ನು ಕಡಿದ ಆ ಕೈಯನ್ನು ಮೆಚ್ಚಬೇಕು ಅನ್ನಿಸುತ್ತದೆ. ಮೆಚ್ಚುವಷ್ಟರಲ್ಲಿ ಆ ಐದು ಮನೆಯ ಗುಂಪು ನೆನಪಾಗುತ್ತದೆ. ಒಡೆಯನನ್ನು ತೆಗೆದು ನೆರೆಮನೆಯವನನ್ನೇ ಬೇಹುಗಾರ ಮಾಡಿದ ಕಟ್ಟಳೆ ಅದು. ಕೊನೆಗೆ 338ರಲ್ಲಿ ಅವನ ದೊರೆ ಸತ್ತ, ಹಗೆಗಳು ಎದ್ದರು, ಶಾಂಗ್ ಯಾಂಗ್ ಓಡಿದ. ಗಡಿಯ ಹತ್ತಿರ ಒಂದು ಛತ್ರದಲ್ಲಿ ತಂಗಲು ಕೇಳಿದನಂತೆ. ಗುರುತಿನ ಚೀಟಿ ಇಲ್ಲದವರನ್ನು ಮಲಗಿಸಿಕೊಂಡರೆ ನಮಗೂ ಶಿಕ್ಷೆ, ಇದು ಶಾಂಗ್ ದೊರೆಯ ಕಾನೂನು ಅಂತ ಛತ್ರದವನು ಬಾಗಿಲು ಹಾಕಿಕೊಂಡನಂತೆ. ಮಾಡಿದ್ದುಣ್ಣೋ ಮಹರಾಯ! ರಥಗಳಿಗೆ ಕಟ್ಟಿ ಸೀಳಿದರು. ಕಾನೂನು ಮಾತ್ರ ಉಳಿಯಿತು.

ಕ್ರಿ.ಪೂ. 221ರಲ್ಲಿ ಚಿನ್ ಅರಸ ಮಿಕ್ಕೆಲ್ಲ ರಾಜ್ಯಗಳನ್ನು ನುಂಗಿ ಚಕ್ರವರ್ತಿಯಾದ. ದೂರದ ನಾಡುಗಳನ್ನು ರಾಜಕುಮಾರರಿಗೆ ಹಂಚೋಣ ಅಂತ ಒಬ್ಬ ಮಂತ್ರಿ ಅಂದ. ಲಿ ಸ್ಸು ಒಪ್ಪಲಿಲ್ಲ. ಅಣ್ಣತಮ್ಮಂದಿರ ಮಕ್ಕಳೇ ನಾಳೆ ಕಚ್ಚಾಡುತ್ತಾರೆ ಎಂಬುದು ಅವನ ವಾದ. ಅವನ ಮಾತೇ ನಡೆಯಿತು. ದೇಶ 36 ಪ್ರಾಂತ್ಯಗಳಾಯಿತು, ಪ್ರತಿ ಪ್ರಾಂತ್ಯದ ಕೆಳಗೆ ಶಿಯೆನ್‌ಗಳು. ಅದೇ ವರ್ಷ ಜನಸಾಮಾನ್ಯರಿಗೆ ಹೊಸ ಹೆಸರು: 'ಕರಿತಲೆಗಳು'. ಇನ್ನು ಮುಂದೆ ದಫ್ತರದಲ್ಲಿ ಹಾಗೇ ಬರೆಯತಕ್ಕದ್ದು.

ಈ ಕರಿತಲೆಗಳ ಬದುಕು ನಮಗೆ ತಿಳಿದದ್ದು ಎರಡು ಕಡೆಯಿಂದ. ಒಂದು, 1975ರಲ್ಲಿ ಹುಬೇ ಪ್ರಾಂತ್ಯದ ಯುನ್‌ಮೆಂಗ್‌ನಲ್ಲಿ ತೆರೆದ ಗೋರಿ. ಅದರೊಳಗಿದ್ದವನು ರಾಜನಲ್ಲ, ಶೀ ಎಂಬ ತಾಲ್ಲೂಕು ಗುಮಾಸ್ತ. 217ರಲ್ಲಿ ಸತ್ತವನು. ಅವನ ಮೈ ಸುತ್ತ ಸಾವಿರದ ನೂರಕ್ಕೂ ಮಿಕ್ಕ ಬಿದಿರ ದಬ್ಬೆಗಳು, ತುಂಬ ಕಾನೂನು. ದಿನಕ್ಕೆ 8 ಕಾಸು, ಕೂಳು ಹಾಕಿದರೆ 6 ಎಂಬ ಲೆಕ್ಕ ಅಲ್ಲಿಯದೇ. ಗುಮಾಸ್ತನಿಗೆ ಪರಲೋಕದಲ್ಲೂ ಕಾನೂನು ಪುಸ್ತಕ ಬೇಕಾಗಿತ್ತು ನೋಡಿ.

ಇನ್ನೊಂದು ಬಾವಿ. ಹುನಾನ್ ಪ್ರಾಂತ್ಯದ ಪಶ್ಚಿಮದ ಬೆಟ್ಟಸಾಲಿನಲ್ಲಿ, ಯೂ ಹೊಳೆಯ ದಂಡೆಯಲ್ಲಿ ಲೀಯೆ ಎಂಬ ಊರಿದೆ. ಅಣೆಕಟ್ಟೆಯೊಂದರ ಕೆಲಸ ಬಂದದ್ದರಿಂದ 2002ರಲ್ಲಿ ಅಲ್ಲಿ ಅಗೆದರು. ಹಳೇ ಬಾವಿಯೊಂದರ ಕೆಸರಿನಿಂದ ಮೂವತ್ತಾರು ಸಾವಿರಕ್ಕೂ ಹೆಚ್ಚು ಮರದ ಸೀಳುಗಳು ಬಂದವು. ಅದು ಚಿಯಾನ್‌ಲಿಂಗ್ ಶಿಯೆನ್‌ನ ಇಡೀ ಕಚೇರಿ ಕಸ. ವೂಸಿಯ ಓಲೆ ಸಿಕ್ಕಿದ್ದು ಅಲ್ಲೇ.

ಚಿಯಾನ್‌ಲಿಂಗ್ ಹುಟ್ಟಿದ್ದು ಕ್ರಿ.ಪೂ. 222ರಲ್ಲಿ, ಚೂ ರಾಜ್ಯವನ್ನು ಚಿನ್ ಸೇನೆ ಮುರಿದ ಬೆನ್ನಿಗೇ. ಮೂರು ಹೋಬಳಿಯ ಸಣ್ಣ ಶಿಯೆನ್. ಪಟ್ಟಿಯಲ್ಲಿದ್ದ ಮನೆಗಳು ಕೆಲವೇ ನೂರು. ಅಲ್ಲಿನ ಒಂದು ಹೋಬಳಿಯಿಂದ 215ರಲ್ಲಿ ಮೇಲಕ್ಕೆ ಅರ್ಜಿ ಹೋಯಿತು: ನಮ್ಮ ಊರಿಗೆ ಒಬ್ಬ ಊರಗೌಡನನ್ನೂ ಒಬ್ಬ ಟಪಾಲಿನವನನ್ನೂ ನೇಮಿಸಬೇಕು. ಕಚೇರಿಯಿಂದ ಬಂದ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ನಿಮ್ಮಲ್ಲಿರುವುದು 27 ಮನೆ, ಆಗಲೇ ಒಬ್ಬ ಗೌಡನಿದ್ದಾನೆ, ಇನ್ನೊಬ್ಬ ಯಾವ ಕಾನೂನಿನ ಪ್ರಕಾರ? 27 ಮನೆಯ ಹಳ್ಳಿಯ ಗೌಡಿಕೆಗೂ ಕಾನೂನಿನ ಅಂಕೆ. ಇದನ್ನು ಓದಿ ನಗು ಬಂತು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಇಂಥದೊಂದು ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಆಗುತ್ತಿತ್ತಲ್ಲ ಅಂತಲೂ ಅನ್ನಿಸಿತು.

ಊರ ಕಂದಕದಲ್ಲಿ 2005ರಲ್ಲಿ ಸಿಕ್ಕ ಮನೆಪಟ್ಟಿಯ ಸೀಳುಗಳು ಇನ್ನೂ ಬೇರೆ ಥರ. ಒಂದೊಂದು ಸೀಳಿಗೆ ಒಂದೊಂದು ಮನೆ. ಸೀಳನ್ನು ಐದು ಅಂಕಣ ಮಾಡಿದ್ದಾರೆ. ಮೇಲಿನ ಅಂಕಣದಲ್ಲಿ ಮನೆಯ ಗಂಡಸರು, ಎರಡನೆಯದರಲ್ಲಿ ಹೆಂಡತಿಯರು, ಮೂರರಲ್ಲಿ ಗಂಡುಮಕ್ಕಳು, ನಾಲ್ಕರಲ್ಲಿ ಹೆಣ್ಣುಮಕ್ಕಳು. ಕೊನೆಯ ಅಂಕಣ ಉಳಿದದ್ದಕ್ಕೆ: ಮುದುಕಿ, ತೊತ್ತು, ಐದು ಮನೆಗೆ ಇವನೇ ಮುಂದಾಳು ಎಂಬ ಷರಾ. ಸೋತ ಚೂ ನಾಡಿನವನು ಅಂತ ಗುರುತಿಸುವ ಒಂದು ಮಾತೂ ಗಂಡಸಿನ ಹೆಸರಿಗೆ ಅಂಟಿಕೊಂಡಿದೆ. ಆಳ್ವಿಕೆ ಬದಲಾಗಿ ವರ್ಷಗಳಾದರೂ ಸೋತ ಗುರುತು ಪಟ್ಟಿಯಿಂದ ಅಳಿಸಿರಲಿಲ್ಲ.

219ರ ಇನ್ನೊಂದು ಲೆಕ್ಕದ ಸೀಳಿದೆ. ಚಿಯಾನ್‌ಲಿಂಗಿನಲ್ಲಿ ಆ ವರ್ಷ ಸರ್ಕಾರಿ ಚಾಕರಿಯಲ್ಲಿದ್ದ ಜೀತದ ಹೆಣ್ಣು ಗಂಡುಗಳು 151. ಹಿಂದಿನ ವರ್ಷದಿಂದ ಉಳಿದವರು 116, ಹೊಸದಾಗಿ ಬಂದವರು 35. ಇವರಲ್ಲಿ ಸಾವು, ಪರಾರಿ ಬಾಬತ್ತಿಗೆ ಹೋದವರು 28. ಸಾಲ, ದಂಡ ತೀರಿಸಲು ದುಡಿಯುತ್ತಿದ್ದ ಕರಿತಲೆಗಳು 38, ಅವರಲ್ಲಿ ಹೋದವನು ಒಬ್ಬ. ಒಟ್ಟು 189. ಇಷ್ಟಾದ ಮೇಲೆ ಗುಮಾಸ್ತ ಭಾಗಾಕಾರ ಹಾಕಿ, ಎಷ್ಟು ಜನಕ್ಕೆ ಒಬ್ಬನಂತೆ ಕಳೆದುಹೋದರು ಎನ್ನುವುದನ್ನು ಭಿನ್ನರಾಶಿಯಲ್ಲಿ ಬರೆದಿದ್ದಾನೆ. ಸತ್ತ ಮನುಷ್ಯರನ್ನು ಛೇದ ಅಂಶ ಮಾಡಿ ಕೂಡಿಸಿ ಕಳೆದ ಆ ಕೈ ನಡುಗಿರಲಾರದು. ಅದಕ್ಕೆ ಅಭ್ಯಾಸವಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಅದೇ ಬಾವಿಯಲ್ಲಿ ಬೇರೆ ಬಗೆಯ ಹುಕುಮೂ ಇದೆ. 220ರಲ್ಲಿ ಪ್ರಾಂತ್ಯಾಧಿಕಾರಿ ಎಲ್ಲ ಶಿಯೆನ್‌ಗಳಿಗೆ ಬರೆಸಿದ್ದು: ಸರಂಜಾಮು ಹೊರಲು ಮೊದಲು ಕೈದಿಗಳನ್ನೂ ಜೀತದವರನ್ನೂ ಸಾಲ ತೀರಿಸುವವರನ್ನೂ ಕರೆಯಿರಿ, ತಡೆಯಲಾಗದ ತುರ್ತಿದ್ದರೆ ಮಾತ್ರ ರೈತರನ್ನು ಬಿಟ್ಟಿಗೆ ಹಿಡಿಯಿರಿ, ಬೇಸಾಯದ ಕಾಲದಲ್ಲಿ ಬೇಡ. ರೈತನ ಮೇಲೆ ಕರುಣೆ ಅಂತ ಇದನ್ನು ಓದಬಹುದು. ನಾವು ಎರಡು ಸಲ ಓದಿದೆವು. ರೈತನ ಹೆಗಲಿನಿಂದ ಇಳಿದ ಮೂಟೆ ಯಾರ ಹೆಗಲಿಗೆ ಹೋಯಿತು?

ಬೆನ್ನು ಮುರಿಯುವ ದಿನ ದೂರವಿರಲಿಲ್ಲ. ಕ್ರಿ.ಪೂ. 209ರಲ್ಲಿ 900 ಜನ ಬಡವರನ್ನು ಉತ್ತರದ ಗಡಿ ಕಾವಲಿಗೆ ಅಟ್ಟಿಕೊಂಡು ಹೋಗುತ್ತಿದ್ದರು. ಚೀ ಎಂಬ ಶಿಯೆನ್‌ನ ದಾಜೆ ಹೋಬಳಿಯಲ್ಲಿ ಮಳೆ ಹಿಡಿದು ದಾರಿ ನಿಂತಿತು. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ತಲೆ ಹೋಗುತ್ತದೆ ಅಂತ ಅವರೊಳಗೆ ಮಾತಾಯಿತು. ಅವರಲ್ಲಿ ಚೆನ್ ಶೆಂಗ್ ಎಂಬವನು ಕೂಲಿ ಆಳು, ಕಂಡವರ ಹೊಲದಲ್ಲಿ ಗೇಯ್ದವನು. ಅವನೂ ವು ಗುವಾಂಗನೂ ಕಾವಲಿನ ಇಬ್ಬರು ಅಧಿಕಾರಿಗಳನ್ನು ಮುಗಿಸಿ ಎದ್ದು ನಿಂತರು. ಮೊದಲು ಹೋಬಳಿ, ಆಮೇಲೆ ಶಿಯೆನ್. ಸುದ್ದಿ ಹಬ್ಬಿದಂತೆ ಊರೂರಲ್ಲೂ ಜನ ತಮ್ಮ ತಮ್ಮ ಅಧಿಕಾರಿಗಳನ್ನು ಕೊಂದರು. ಪೆಯ್ ಶಿಯೆನ್‌ನಲ್ಲಿ ಹಿರಿಯರೂ ಹುಡುಗರೂ ಸೇರಿ ಅಧಿಕಾರಿಯನ್ನು ಕೊಂದು ಬಾಗಿಲು ತೆರೆದು ಲಿಯು ಬಾಂಗ್ ಎಂಬ ಸಣ್ಣ ಠಾಣೆದಾರನನ್ನು ಒಳಗೆ ಕರೆದುಕೊಂಡರು. ಅವನೇ ಮುಂದೆ ಹಾನ್ ವಂಶದ ಮೊದಲ ಚಕ್ರವರ್ತಿ.

ಈ ಜಾಗದಲ್ಲಿ ನಮ್ಮ ಎದೆ ಉಬ್ಬುತ್ತದೆ. ಆದರೆ ಮುಂದಿನ ಪುಟ ಓದಲೇಬೇಕು. 206ರಲ್ಲಿ ಲಿಯು ಬಾಂಗನ ದಂಡು ಚಿನ್ ರಾಜಧಾನಿಯೊಳಕ್ಕೆ ನುಗ್ಗಿದಾಗ ದಳಪತಿಗಳೆಲ್ಲ ಬಂಗಾರ ಬಟ್ಟೆಯ ಉಗ್ರಾಣಕ್ಕೆ ಓಡಿದರು. ಒಬ್ಬ ಮಾತ್ರ ದಫ್ತರಖಾನೆಗೆ ಓಡಿದ. ಅವನು ಶಿಯಾವ್ ಹೆ, ಪೆಯ್ ಶಿಯೆನ್‌ನ ಹಳೇ ಗುಮಾಸ್ತ. ಚಿನ್ ಸರ್ಕಾರದ ನಕ್ಷೆಗಳನ್ನೂ ಪಟ್ಟಿಗಳನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡ. ಯಾವ ಊರಲ್ಲಿ ಎಷ್ಟು ಮನೆ, ಎಲ್ಲಿ ಬಲ, ಎಲ್ಲಿ ಬಡತನ ಎಲ್ಲ ಅದರಲ್ಲಿತ್ತು. ದಂಗೆಯೆದ್ದವರು ಅಧಿಕಾರಿಯನ್ನು ಕೊಂದರು. ದಂಗೆಯ ಮುಂದಾಳುಗಳು ಅಧಿಕಾರಿಯ ಪುಸ್ತಕವನ್ನು ಉಳಿಸಿಕೊಂಡರು.

ಹಾನ್ ಕಾಲದಲ್ಲಿ ಆ ಪುಸ್ತಕ ದಪ್ಪವಾಯಿತು. ಹತ್ತು ಸಾವಿರ ಮನೆ ದಾಟಿದ ಶಿಯೆನ್‌ನ ಅಧಿಕಾರಿಗೆ 'ಲಿಂಗ್' ಅಂತ ಹೆಸರು, ಕಡಿಮೆಯಿದ್ದರೆ 'ಚಾಂಗ್'. ಚೀನೀಯರಲ್ಲದ ಬೆಟ್ಟದ ಜನ ಇದ್ದರೆ ಅದು ಶಿಯೆನ್ ಅಲ್ಲ, 'ದಾವ್'. ಕ್ರಿ.ಶ. 2ರಲ್ಲಿ ಇಂಥವೆಲ್ಲ ಸೇರಿ 1587. ಮನೆಗಳು 1,22,33,062. ಜನ 5,95,94,978. ಕೊನೆಯ ಅಂಕಿಯವರೆಗೆ ಬರೆದಿಟ್ಟಿದ್ದಾರೆ.

ಈ ಪಟ್ಟಿಯೊಳಗೆ ಹುಟ್ಟು ಮತ್ತೆ ನುಸುಳಿದ್ದನ್ನು ನಾವು ಗಮನಿಸಬೇಕು. ವೂಸಿಯ ಮೊದಲ ಓಲೆ ಬರೆದ 214ರಲ್ಲೇ ಚಿನ್ ಸರ್ಕಾರ ದಕ್ಷಿಣದ ಕಾಡುನಾಡುಗಳನ್ನು ಗೆಲ್ಲಲು ಯಾರನ್ನು ಕಳಿಸಿತು? ತಲೆ ತಪ್ಪಿಸಿಕೊಂಡವರನ್ನು, ಮನೆಅಳಿಯಂದಿರನ್ನು, ವ್ಯಾಪಾರಿಗಳನ್ನು. ಕ್ರಿ.ಪೂ. 97ರಲ್ಲಿ ಹಾನ್ ಚಕ್ರವರ್ತಿ ವೂ ಏಳು ಬಗೆಯವರನ್ನು ಗಡಿಗೆ ಅಟ್ಟಿದ. ಅದರಲ್ಲಿ ಹೆಸರು ಸಂತೆಪಟ್ಟಿಯಲ್ಲಿದ್ದವನು ಒಂದು ಬಗೆ, ಅಪ್ಪ ಅಮ್ಮನ ಹೆಸರು ಇದ್ದವನು ಇನ್ನೊಂದು ಬಗೆ, ತಾತನ ಹೆಸರು ಇದ್ದವನು ಮತ್ತೊಂದು ಬಗೆ. ನೀನು ಏನು ಮಾಡುತ್ತೀಯ ಅಂತ ಕೇಳಿದ್ದಲ್ಲ, ನಿನ್ನ ತಾತ ಯಾವ ಪಟ್ಟಿಯಲ್ಲಿದ್ದ ಅಂತ ಕೇಳಿದ್ದು. ರಾಜಕುಮಾರರ ಹುಟ್ಟನ್ನು ಕಡಿದ ಅದೇ ಕಚೇರಿ ಕೆಳಗಿನವರ ಹುಟ್ಟನ್ನು ಮೂರು ತಲೆಮಾರು ಹಿಂದಕ್ಕೆ ಹುಡುಕಿ ಬರೆಯತೊಡಗಿತು.

ನಡುವೆ ನಗೆಪಾಟಲೂ ನಡೆಯಿತು. ಕ್ರಿ.ಶ. 9ರಲ್ಲಿ ಪಟ್ಟಕ್ಕೆ ಕೂತ ವಾಂಗ್ ಮಾಂಗ್‌ಗೆ ಹೆಸರು ಬದಲಿಸುವ ಹುಚ್ಚು. 'ವೂಶಿ' ಎಂಬ ಶಿಯೆನ್ ಇತ್ತು, 'ತವರವಿಲ್ಲ' ಅಂತ ಅದನ್ನು ಬರೆಯುವ ಅಕ್ಷರಗಳ ಅರ್ಥ. ಅದನ್ನು 'ಯೂಶಿ' ಮಾಡಿದ. 'ತವರವುಂಟು'! ಒಂದೊಂದು ಪ್ರಾಂತ್ಯದ ಹೆಸರು ಐದು ಸಲ ಬದಲಾಗಿ ಕೊನೆಗೆ ಮೊದಲಿನದಕ್ಕೇ ಬಂದದ್ದೂ ಉಂಟು. ಜನರಿಗೆ ನೆನಪಿಡಲು ಆಗದೆ ರಾಜಾಜ್ಞೆಗಳಲ್ಲೇ ಹಳೇ ಹೆಸರನ್ನೂ ಸೇರಿಸಿ ಬರೆಯಬೇಕಾಯಿತು. ಹೆಸರು ಬದಲಿಸಿದರೆ ನೆಲದೊಳಗೆ ತವರ ಹುಟ್ಟುತ್ತದೆಯೆ? ದಂಗೆಗಳಲ್ಲಿ ವಾಂಗ್ ಮಾಂಗ್ ಸತ್ತ. ಯುದ್ಧ, ಹಸಿವುಗಳಲ್ಲಿ ಊರುಗಳು ಎಷ್ಟು ಬರಿದಾದವೆಂದರೆ ಕ್ರಿ.ಶ. 30ರಲ್ಲಿ ಹೊಸ ಚಕ್ರವರ್ತಿ 400ಕ್ಕೂ ಹೆಚ್ಚು ಶಿಯೆನ್‌ಗಳನ್ನು ಒಂದೇಟಿಗೆ ರದ್ದು ಮಾಡಿದ. ಆಳಲು ಜನವಿಲ್ಲದ ಮೇಲೆ ಅಧಿಕಾರಿಗೆ ಸಂಬಳ ಯಾಕೆ?

ಇದರ ತಿರುವುಮುರುವು ನಾಲ್ಕನೇ ಶತಮಾನದಲ್ಲಿ. ಉತ್ತರ ಚೀನಾ ದಾಳಿಗಾರರ ಕೈಗೆ ಸಿಕ್ಕು, 317ರಲ್ಲಿ ಜಿನ್ ಅರಮನೆ ಯಾಂಗ್ತ್ಸೆ ನದಿಯ ದಕ್ಷಿಣಕ್ಕೆ ಬಂತು. ಹಿಂದೆಯೇ ಲಕ್ಷಾಂತರ ಜನ. ಅವರಿಗಾಗಿ ದಕ್ಷಿಣದಲ್ಲಿ ಉತ್ತರದ ಊರುಗಳ ಹೆಸರಿನ ಶಿಯೆನ್‌ಗಳನ್ನೇ ಹುಟ್ಟಿಸಿದರು. ನೆಲವಿಲ್ಲದ, ಬರೀ ಹೆಸರಿನ ಶಿಯೆನ್‌ಗಳು. ವಲಸೆಯವರ ಪಟ್ಟಿ ಬಿಳಿ, ತೆರಿಗೆಯಿಲ್ಲ. ಸ್ಥಳೀಯರ ಪಟ್ಟಿ ಹಳದಿ, ತೆರಿಗೆಯೂ ಬಿಟ್ಟಿಯೂ ಅವರ ಮೇಲೆ. ಎಷ್ಟು ದಿನ ನಡೆದೀತು? 364ರಲ್ಲಿ, ಮತ್ತೆ 413ರಲ್ಲಿ, ನೀವು ಎಲ್ಲಿ ಇದ್ದೀರೋ ಅಲ್ಲಿಯವರೇ ಅಂತ ಎಲ್ಲರನ್ನೂ ಹಳದಿ ಪಟ್ಟಿಗೆ ಎಳೆದರು. ದೊಡ್ಡ ಮನೆತನಗಳು ತಮ್ಮ ಆಳುಗಳನ್ನು ಪಟ್ಟಿಯಿಂದ ಬಚ್ಚಿಡುತ್ತಿದ್ದ ಕಾಲ ಅದು. ಐದೇ ಮನೆ ಬಚ್ಚಿಟ್ಟಿದ್ದಕ್ಕೆ 364ರಲ್ಲಿ ಅರಸು ಮನೆತನದ ಒಬ್ಬನನ್ನೇ ಹಿಡಿದು ನ್ಯಾಯಾಧಿಕಾರಿಗೆ ಒಪ್ಪಿಸಿದರು. ಆ ಐದು ಮನೆಯವರಿಗೆ ಯಾವುದು ಒಳ್ಳೆಯದಿತ್ತು, ಧಣಿಯ ಹಿತ್ತಿಲೋ ಸರ್ಕಾರದ ಹಳದಿ ಪಟ್ಟಿಯೋ? ಯಾರೂ ಅವರನ್ನು ಕೇಳಲಿಲ್ಲ.

ಉತ್ತರದಲ್ಲೂ ಹೊಸ ಹೊಸ ಶಿಯೆನ್‌ಗಳು ಅಣಬೆಯಂತೆ ಎದ್ದಿದ್ದವು. ಊರ ಪುಂಡರು ನಾಲ್ಕು ಜನರನ್ನು ಕಟ್ಟಿಕೊಂಡು ಅಧಿಕಾರಿಗಳೆನ್ನಿಸಿಕೊಂಡಿದ್ದರು. ನೂರು ಮನೆಯ ಊರಿಗೆ ಸಂಸ್ಥಾನದ ಬಿರುದು, ಮೂರು ಮನೆಗೆ ಪ್ರಾಂತ್ಯದ ಬಿರುದು ಅಂತ 556ರ ರಾಜಾಜ್ಞೆಯೇ ಹಂಗಿಸುತ್ತದೆ. ಆ ವರ್ಷ ಉತ್ತರ ಚೀ ರಾಜ್ಯ 589 ಶಿಯೆನ್‌ಗಳನ್ನು ಅಳಿಸಿತು. 583ರಲ್ಲಿ ಸುಯಿ ಚಕ್ರವರ್ತಿಗೆ ಯಾಂಗ್ ಶಾಂಗ್‌ಶಿ ಎಂಬ ಅಧಿಕಾರಿ ಅರಿಕೆ ಮಾಡಿಕೊಂಡ: ಹತ್ತು ಕುರಿಗೆ ಒಂಬತ್ತು ಜನ ಕುರುಬರಾಗಿದ್ದಾರೆ ಸ್ವಾಮಿ. ಪ್ರಾಂತ್ಯ ಎಂಬ ನಡುವಿನ ಮೆಟ್ಟಿಲನ್ನೇ ಕಿತ್ತರು. ಗಮನಿಸಿ, ಕಿತ್ತದ್ದು ನಡುವಿನದು. ಮೇಲಿನ ಮೆಟ್ಟಿಲುಗಳು ಎಷ್ಟೋ ಸಲ ಹೆಸರು ಬದಲಿಸಿದವು, ಕುಸಿದವು, ಮತ್ತೆ ಕಟ್ಟಿದರು. ಕೆಳಗಿನ ಶಿಯೆನ್ ಮಾತ್ರ ಜಗ್ಗಲಿಲ್ಲ. ಕರ ಎತ್ತುವ ಕೈ ಅದೇ ತಾನೆ.

ಅಲ್ಲಿಂದ ಮುಂದಿನ ಸಾವಿರ ವರ್ಷವನ್ನು ಬೇಗ ದಾಟೋಣ. ಒಂದು ಲೆಕ್ಕ ಸಾಕು. 740ರಲ್ಲಿ ತಾಂಗ್ ಕಾಲದ ಶಿಯೆನ್‌ಗಳು 1573. ಚಿಂಗ್ ವಂಶದ ಕಾಲಕ್ಕೆ ಸುಮಾರು 1300. ಜನ ಮಾತ್ರ ಆರು ಕೋಟಿಯಿಂದ ನಲವತ್ತು ಕೋಟಿಯ ಆಚೆ ಹೋಗಿದ್ದರು. ಹಾನ್ ಕಾಲದಲ್ಲಿ ಒಂದು ಶಿಯೆನ್‌ಗೆ ಮೂವತ್ತೇಳು ಸಾವಿರ ಚಿಲ್ಲರೆ ಜನ, ಹತ್ತೊಂಬತ್ತನೇ ಶತಮಾನದ ನಡುವಿಗೆ ಮೂರು ಲಕ್ಷ. ಅಧಿಕಾರಿ ಒಬ್ಬನೇ. ಅವನೂ ಹೊರ ಪ್ರಾಂತ್ಯದವನು, ತನ್ನ ಪ್ರಾಂತ್ಯದಲ್ಲಿ ಕೆಲಸ ಮಾಡಕೂಡದು ಅಂತ ನಿಯಮ. ಎಷ್ಟೋ ಕಡೆ ಅವನಿಗೆ ಊರ ಮಾತೇ ತಿಳಿಯದು. ಹಾಗಾದರೆ ಆಳಿದವರು ಯಾರು? ಊರಿನ ಜಮೀನುದಾರ ಪಂಡಿತರು, ಕಚೇರಿಯ ಗುಮಾಸ್ತರು, ಜವಾನರು.

ಈ ಜವಾನರ ಸಂಗತಿ ನೋಡಿ. ಓಲೆ ಮುಟ್ಟಿಸುವವರು, ಕಳ್ಳನನ್ನು ಹಿಡಿದು ತರುವವರು, ಬಾಕಿದಾರನನ್ನು ಎಳೆದು ತರುವವರು. ಜನಕ್ಕೆ ಇವರನ್ನು ಕಂಡರೆ ನಡುಕ. ಆದರೆ ಚಿಂಗ್ ಕಾನೂನಿನಲ್ಲಿ ಇವರು 'ಹೀನ ಜನ'. ತೊತ್ತುಗಳು, ನಟರು, ಸೂಳೆಯರ ಜೊತೆ ಒಂದೇ ಸಾಲಿನಲ್ಲಿ. ಇವರ ಮಕ್ಕಳು ಮೊಮ್ಮಕ್ಕಳು ಸರ್ಕಾರಿ ಪರೀಕ್ಷೆಗೆ ಕೂರುವಂತಿಲ್ಲ. ಸರ್ಕಾರದ ಮಾತನ್ನು ಬಾಗಿಲು ಬಾಗಿಲಿಗೆ ಹೊತ್ತವನಿಗೆ ಸರ್ಕಾರದ ಬಾಗಿಲು ಮುಚ್ಚಿತ್ತು. ಕುಳವಾಡಿಕೆ ಮಾಡಿದ ತಾತಂದಿರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿಂಗ್ ಕಾಲದಲ್ಲಿ, 1381ರಿಂದ, ಹತ್ತು ವರ್ಷಕ್ಕೊಮ್ಮೆ ಹಳದಿ ಪುಸ್ತಕ ಬರೆಯುತ್ತಿದ್ದರು. ರೈತನ ಮನೆ, ಸೈನಿಕನ ಮನೆ, ಕುಶಲಕರ್ಮಿಯ ಮನೆ, ಉಪ್ಪು ಬೇಯಿಸುವವನ ಮನೆ ಅಂತ ಬೇರೆ ಬೇರೆ. ಅಪ್ಪನ ಬಾಬತ್ತೇ ಮಗನ ಬಾಬತ್ತು. ಶಿಯೆನ್‌ಗಳಿಂದ ಹೋದ ಪುಸ್ತಕದ ಪ್ರತಿಗಳನ್ನು ನಾನ್‌ಜಿಂಗಿನ ಕೆರೆಯೊಂದರ ನಡುಗಡ್ಡೆಯಲ್ಲಿ ಕೂಡಿಡುತ್ತಿದ್ದರು. ಬೆಂಕಿ ತಗಲಬಾರದು, ಕಳ್ಳ ಹೋಗಬಾರದು. ಇಂಥ ಪಟ್ಟಿಗಳಿಂದಲೂ ಆಚೆಗಿದ್ದವರು ಹಲವರು. ಶಾವ್‌ಶಿಂಗ್ ಊರಿನ ಸುತ್ತ 'ಬಿದ್ದ ಜನ' ಅಂತಲೇ ಕರೆಸಿಕೊಂಡವರಿದ್ದರು. ಮದುವೆ ಮನೆಯಲ್ಲಿ ವಾದ್ಯ ಊದುವುದು, ಕಪ್ಪೆ ಹಿಡಿಯುವುದು, ಮಿಠಾಯಿ ಮಾರುವುದು ಅವರ ಕಸುಬು. ಮಿಕ್ಕವರ ಜೊತೆ ಕೊಟ್ಟು ತರುವುದಿಲ್ಲ. ಅವರ ಹೆಸರೆಲ್ಲ 'ಭಿಕ್ಷುಕರ ಪಟ್ಟಿ'ಯಲ್ಲಿ. 1723ರಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ ಆ ಪಟ್ಟಿಯನ್ನು ಅಳಿಸಿದ. ದೊಡ್ಡ ಮನಸ್ಸು ಅಂತ ಇತಿಹಾಸದ ಪುಸ್ತಕಗಳು ಹೊಗಳುತ್ತವೆ. 1771ರ ನಿಯಮವನ್ನು ಅವು ಸಣ್ಣಕ್ಷರದಲ್ಲಿ ಹೇಳುತ್ತವೆ: ಇಂಥವರು ಕಸುಬು ಬಿಟ್ಟೆವೆಂದು ಕಚೇರಿಗೆ ತಿಳಿಸಿ, ನಾಲ್ಕು ತಲೆಮಾರು ಸಂಬಂಧಿಕರೆಲ್ಲ ಶುದ್ಧವಾಗಿದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು. ಹಾನ್ ಕಾಲದಲ್ಲಿ ಮೂರು ತಲೆಮಾರು ಹಿಂದಕ್ಕೆ ನೋಡಿದ್ದರು. ಈಗ ನಾಲ್ಕು ತಲೆಮಾರು ಮುಂದಕ್ಕೆ ಕಾಯಿರಿ ಅಂದರು. ಇವತ್ತಿನ ಓದುವ ಹುಡುಗನಿಗೆ ಅಲ್ಲ, ಅವನ ಮರಿಮಗನಿಗೆ ಅವಕಾಶ.

ಲು ಶುನ್ ಶಾವ್‌ಶಿಂಗಿನವನು. 1933ರಲ್ಲಿ ಈ ಬಿದ್ದ ಜನರ ಮೇಲೆ ಒಂದು ಸಣ್ಣ ಲೇಖನ ಬರೆದ. ಅದರಲ್ಲಿ ಬರುವ ಒಂದು ಘಟನೆಯನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅವನ ಮನೆಗೆ ಹಬ್ಬಹರಿದಿನದಲ್ಲಿ ಚಾಕರಿಗೆ ಬರುತ್ತಿದ್ದ ಬಿದ್ದ ಜನರ ಒಬ್ಬ ಹೆಂಗಸು. ಗಣರಾಜ್ಯ ಬಂದ ಮೇಲೆ ಲು ಶುನ್‌ನ ತಾಯಿ ಅವಳಿಗೆ, ಇನ್ನು ನಾವೆಲ್ಲ ಒಂದೇ, ನೀವು ಬರಬೇಕಾಗಿಲ್ಲ ಅಂದಳಂತೆ. ಆ ಹೆಂಗಸಿಗೆ ಸಿಟ್ಟು ಬಂತಂತೆ. ಸಾವಿರ ತಲೆಮಾರಿಗೂ ನಾವು ಬರುವವರೇ ಅಂತ ರೇಗಿದಳಂತೆ. ಪಟ್ಟಿ ಅಳಿದು ಇನ್ನೂರು ವರ್ಷವಾಗುತ್ತ ಬಂದಿತ್ತು. ಅವಳೊಳಗಿನ ಪಟ್ಟಿ ಅಳಿದಿರಲಿಲ್ಲ. ಅದನ್ನು ಅವಳ ತಪ್ಪು ಎನ್ನುವವರ ಜೊತೆ ನಮಗೆ ಮಾತಿಲ್ಲ. ಆ ಮನೆಯ ಬಾಗಿಲೂ ಮುಚ್ಚಿದರೆ ಅವಳ ಹೊಟ್ಟೆಗೆ ಏನು ಅಂತ ಯಾವ ಚಕ್ರವರ್ತಿಯೂ ಆಜ್ಞೆಯಲ್ಲಿ ಬರೆದಿರಲಿಲ್ಲ.

ಮತ್ತೆ ಲೀಯೆಗೆ ಬರೋಣ. ಅಲ್ಲಿನ ಬೆಟ್ಟಗಳು ನೂರಾರು ವರ್ಷ ಶಿಯೆನ್ ಕಾಣಲಿಲ್ಲ. ತುಜಿಯಾ, ಮಿಯಾವ್ ಜನರ ನಡುವೆ ಸ್ಥಳೀಯ ನಾಯಕರು ವಂಶಪಾರಂಪರ್ಯವಾಗಿ ಆಳಿದರು. ಅವರೇನೂ ದೇವರುಗಳಲ್ಲ, ಅವರ ಮನೆಯಲ್ಲೂ ಜೀತದವರಿದ್ದರು. 1728ರಲ್ಲಿ ಆ ನಾಯಕರು ಶರಣಾದರು, 1729ರಲ್ಲಿ ಲುಂಗ್‌ಶಾನ್ ಶಿಯೆನ್ ಹುಟ್ಟಿತು. ಭಿಕ್ಷುಕರ ಪಟ್ಟಿ ಅಳಿಸಿದ ಅದೇ ಯೊಂಗ್‌ಝೆಂಗ್ ಕಾಲದಲ್ಲಿ. ಕಚೇರಿಯ ಹಿಂದೆ ಹೊರಗಿನ ರೈತರು, ಬಡ್ಡಿಯವರು ಬಂದರು. ಬೆಟ್ಟದವರ ನೆಲ ಕೈ ಬದಲಾಯಿತು. 1795ರಲ್ಲಿ ದಕ್ಷಿಣದ ಬೆಟ್ಟಗಳ ಮಿಯಾವ್ ಜನ ದಂಗೆ ಎದ್ದರು. ಹೊರಗಿನವರನ್ನು ಓಡಿಸುವುದು, ಹಳೇ ನೆಲ ವಾಪಸು ಪಡೆಯುವುದು, ಇದೇ ಅವರ ಕೂಗು. ಅದನ್ನು ತುಳಿಯಲು ಸರ್ಕಾರಕ್ಕೆ 1806ರವರೆಗೆ ಬೇಕಾಯಿತು.

ಅಷ್ಟು ಕಾಲವೂ ಚಿಯಾನ್‌ಲಿಂಗಿನ ದಫ್ತರ ಬಾವಿಯ ಕೆಸರಿನಲ್ಲಿ ನೆನೆಯುತ್ತ ಬಿದ್ದಿತ್ತು. ಆ ಸೀಳುಗಳ ನಡುವೆ ಮಗ್ಗಿಯ ಹಲಗೆಯೊಂದು ಸಿಕ್ಕಿದೆ. ಮೇಷ್ಟ್ರುಗಳಿಗೆ ಹೇಳಿ ಕೇಳಿ ಇಷ್ಟವಾದೀತು. ನಮ್ಮ ಮಗ್ಗಿಯಂತೆ ಒಂದರಿಂದ ಏರುವುದಿಲ್ಲ, ಒಂಬತ್ತೊಂಬತ್ತಲಿ ಎಂಬತ್ತೊಂದು ಅಂತ ಮೇಲಿನಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ, ಕೊನೆಗೆ ಎರಡು ಅರ್ಧ ಸೇರಿದರೆ ಒಂದು. ಆ ಮಗ್ಗಿ ಬಾಯಿಪಾಠ ಮಾಡಿದ ಯಾವನೋ ಗುಮಾಸ್ತನ ಮುಂದೆ 212ರ ನಾಲ್ಕನೇ ತಿಂಗಳಲ್ಲಿ ವೂಸಿಯ ಓಲೆ ಬಂದು ಕೂತಿತು. ಆರು ಕವಚ, 8064 ಕಾಸು, ಮನೆಯವರು ಬಡವರು. ಓಲೆಯ ಬೆನ್ನಿನ ಮೇಲೆ ಡೊಂಗ್‌ಟಿಂಗಿನ ಹುಕುಂ: ಕಾನೂನಿನಂತೆ ನಡೆಸಿ, ವರದಿ ಕಳಿಸಿ.